ಹನ್ನೊಂದು ಸಲ ಹೊಡೆಯೋ ಪಂಪು

ಅರಸೀಕೆರೇಲಿ ಯಾರ ಮನೆ ಟ್ಯಾಂಕು ತುಂಬಿ ಹರಿದು ಪಕ್ಕದ ಮನೆಯವರ ಹಪ್ಪಳ ನೆನೆದ್ರೂ ಜನ ಮೊದಲು ಬೈಯೋದು ನನ್ನನ್ನೇ. ನೀರು ತುಂಬಿದ ತಕ್ಷಣ ಮೋಟ್ರು ತಾನಾಗೇ ಆಫ್ ಆಗೋ ಡಬ್ಬಿ ಮಾಡಿ ಮಾರೋದು ನನ್ನ ಕಸುಬು. ತುಂಬಿದ್ರೂ ಆಫ್ ಆಗದೇ ಇರೋ ಡಬ್ಬಿಗಳನ್ನೂ ನಾನೇ ಮಾಡಿದೀನಿ, ಊರಲ್ಲಿ ಅವೇ ಜಾಸ್ತಿ ಫೇಮಸ್ಸು. ಹಂಗಾಗಿ ನನಗೆ ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಲ್ಲಿ ಮಾತ್ರ ಉಳಿದಿದೆ. ಬೀದೀಲಿ ನಾನು ಟ್ಯಾಂಕು.

ಹೋದ ಸೋಮವಾರ ಹಳೇಬೀಡು ಪಕ್ಕದ ಬಸ್ತಿಹಳ್ಳಿಯಿಂದ ಅಂಗಡಿಗೆ ಒಂದು ಫೋನ್ ಬಂತು. ಹೆಂಗಸಿನ ದನಿ.

"ಅಣ್ಣ, ಟ್ಯಾಂಕು ಅನ್ನೋರು ನೀವೇನಾ?"

"ನಾನೇ ಕಣಮ್ಮ. ಎಷ್ಟು ಲೀಟ್ರಿಂದು?"

"ನಮ್ಮಾವ ಹೋಗ್ಬಿಟ್ರು ಅಣ್ಣ, ಬೆಳಗ್ಗೆ. ಗೋಡೆ ಮೇಲೆ ನಿಮ್ಮ ನಂಬರ್ ಬರೆಸಿದ್ರು, ಅದಕ್ಕೆ ಮಾಡ್ದೆ" ಅಂದ್ಲು.

ಎಷ್ಟು ಲೀಟ್ರು ಅಂತ ಕೇಳಿದ್ನಲ್ಲ, ಆ ಬಾಯಿನ ಏನು ಮಾಡೋದು ಹೇಳಿ. ಈ ಬಾಯಿ ಅವರ ವಿಷಯದಲ್ಲಿ ಎಡವಿದ್ದು ಇದೇ ಮೊದಲಲ್ಲ.

ಅವರು ಆ ಹೆಣ್ಣುಮಗಳಿಗೆ ತಾಯಿಯ ತಮ್ಮ. ನಮಗೆಲ್ಲ ಸುಮ್ನೆ ಮಾವ. ರೈಲ್ವೆ ಸ್ಟೇಷನ್ ರಸ್ತೇಲಿ ಒಂದು ಹೋಟ್ಲು, ಆ ಹೋಟ್ಲಲ್ಲಿ ಒಂದು ಕಾಫಿ ಮಿಷಿನ್ನು, ಆ ಮಿಷಿನ್ ಮುಂದೆ ಅವರು. ಬೇಲೂರಿನ ಕಡೆ ಯಾವುದೋ ಎಸ್ಟೇಟ್ ಕ್ಲಬ್ಬು ಮುಚ್ಚಿದಾಗ ಹರಾಜಲ್ಲಿ ಬಂದ ಮಿಷಿನ್ನದು. ಇಟಲಿ ಮಾಲು, ತಾಮ್ರದ ಬಾಯ್ಲರು, ಎರಡು ಹಿಡಿ, ತಲೆ ಮೇಲೆ ರೆಕ್ಕೆ ಬಿಚ್ಚಿದ ಹಿತ್ತಾಳೆ ಹದ್ದು. ಓನರ್ ತಾಯಿ ಅದನ್ನ ಗರುಡ ಅಂದ್ಕೊಂಡು ಶನಿವಾರ ಶನಿವಾರ ತುಳಸಿ ಇಡ್ತಿದ್ರು. ಮಾವ ಕ್ಲಬ್ಬಲ್ಲಿ ಆ ಮಿಷಿನ್ ನೋಡ್ಕೊಂಡಿದ್ದವರು. ಹರಾಜಲ್ಲಿ ತಗೊಂಡ ಹೋಟ್ಲಿನ ಹಳೇ ಓನರ್ರು, ಈಗಿನವರ ಅಪ್ಪ, "ಇದನ್ನ ಓಡಿಸೋದು ಹೆಂಗಪ್ಪ?" ಅಂತ ಕೇಳಿದ್ರಂತೆ. ಇವರು ಮಾತಾಡದೆ ಲಾರಿ ಹತ್ತಿ ಮಿಷಿನ್ ಪಕ್ಕ ಕೂತ್ರಂತೆ. ಆಮೇಲೆ ಇಳಿದಿದ್ದು ಅರಸೀಕೆರೇಲೇ.

ಬೇರೆ ಹೋಟ್ಲಲ್ಲಿ ಎಕ್ಸ್‌ಪ್ರೆಸ್ಸೊ ಅಂದ್ರೆ ಹಾಲಿಗೆ ಹಬೆ ಬುಸ್ಸಂತ ಬಿಟ್ಟು ನೊರೆ ಮಾಡಿ ಮೇಲೆ ಕೋಕೊ ಪುಡಿ ಉದುರಿಸೋದು. ಮಾವಂದು ಹಂಗಲ್ಲ. ಹಿಡಿ ಮೆಲ್ಲಗೆ ಕೆಳಗೆ ಎಳೆದು ಬಿಡೋರು, ಅದು ತಾನಾಗೇ ಮೇಲೆ ಹೋಗೋಷ್ಟು ಹೊತ್ತು ಉಸಿರು ಹಿಡ್ಕೊಂಡು ನಿಂತಿರೋರು. ಕಾಫಿ ಎಣ್ಣೆ ಥರ ಇಳಿಯೋದು. ಅದನ್ನ ಒಂದು ತೊಟ್ಟೂ ಕುಡೀತಿರ್ಲಿಲ್ಲ ಅವರು. ಹೋಟ್ಲ ಹಿಂದೆ ನಿಂತ್ಕೊಂಡು ಬೆಲ್ಲದ ಕಾಫಿ ಕುಡಿಯೋರು. ಯಾಕೆ ಮಾವ ಅಂದ್ರೆ, "ಅಡುಗೆಯೋರು ಹಂಡೆ ಮುಂದೆ ಉಣ್ತಾರೇನ್ಲಾ?" ಅನ್ನೋರು.

ಮಿಷಿನ್ನಿಗೆ ನೀರು ಕುಡಿಸೋದು ಮಾತ್ರ ದೊಡ್ಡ ಪೂಜೆ. ಬಾಯ್ಲರಿನ ಪಕ್ಕದಲ್ಲಿ ಬೆರಳುದ್ದದ ಒಂದು ಗಾಜಿನ ಕೊಳವೆ, ಒಳಗೆ ನೀರು ಎಷ್ಟಿದೆ ಅಂತ ಅದರಲ್ಲಿ ಕಾಣುತ್ತೆ. ಮುಕ್ಕಾಲಿಗಿಂತ ಇಳೀತು ಅಂದ್ರೆ ಕೌಂಟರ್ ಪಕ್ಕದ ಕೈಪಂಪು ಹೊಡೀಬೇಕು. ಹಬೆ ಒಳಗಿಂದ ತಳ್ತಿರುತ್ತೆ, ಹಂಗಾಗಿ ಸುಮ್ನೆ ಸುರಿದ್ರೆ ನೀರು ಹೋಗಲ್ಲ. ಮಾವ ಎಡಗೈಲಿ ಹನ್ನೊಂದು ಸಲ ಹೊಡೆಯೋರು. ಹತ್ತಿಲ್ಲ, ಹನ್ನೆರಡಿಲ್ಲ. ಆಮೇಲೆ ಬಾಯ್ಲರಿನ ಹೊಟ್ಟೆಗೆ ಬೆರಳಿನ ಗೆಣ್ಣಲ್ಲಿ ಟಕ್ ಅಂತ ಒಂದು ತಟ್ಟೋರು. "ಈಯಮ್ಮ ಕೇಳೋಕ್ ಮುಂಚೆ ಕೊಡ್ಬೇಕು ಕಣ್ಲಾ. ಕೇಳಿದ್ಮೇಲೆ ಕೊಟ್ರೆ ಮುಖಕ್ಕೆ ಎರಚ್ತಾಳೆ." ಕಾದು ಒಣಗಿದ ಬಾಯ್ಲರಿಗೆ ತಣ್ಣೀರು ಬಿಟ್ರೆ ಸಿಡಿಯುತ್ತೆ. ಅದನ್ನ ಅವರು ಹೇಳ್ತಿದ್ದ ರೀತಿ ಅದು.

ಕುಡಿಸೋ ನೀರು ಎಂಥದು ಅನ್ಕೊಂಡ್ರಿ? ಮಳೆನೀರು. ನಮ್ಮೂರ ಬೋರ್‌ವೆಲ್ ನೀರಿಗೆ ಪಾತ್ರೆ ತಳದಲ್ಲೇ ಬಿಳಿ ಕಲ್ಲು ಕಟ್ಟುತ್ತೆ, ಇನ್ನು ಇಟಲಿ ಬಾಯ್ಲರು ಏನು ಮಹಾ. ಅದಕ್ಕೆ ಹಿತ್ತಲ ಹಳೇ ಇಟ್ಟಿಗೆ ತೊಟ್ಟಿಗೆ ಹೆಂಚಿನ ನೀರು ಬೀಳೋ ಹಂಗೆ ತಗಡು ಕಟ್ಟಿ, ಮೂರು ಪದರ ಪಂಚೆಲಿ ಸೋಸಿ, ವರ್ಷಪೂರ್ತಿ ಅದನ್ನೇ ಮಿಷಿನ್ನಿಗೆ ಹಾಕೋರು. ಒಂದ್ಸಲ ನಾನು ಆ ತೊಟ್ಟಿಗೆ ಚೆಂಬು ಅದ್ದಿ ಕಾಲು ತೊಳ್ಕೊಂಡೆ. ಮಾವ ಬೈಲಿಲ್ಲ. ಒಂದು ವಾರ ನನಗೆ ಟೀ ಕೊಟ್ರು. ಆ ಹೋಟ್ಲಲ್ಲಿ ಟೀ ಕೊಟ್ರು ಅಂದ್ರೆ ಬಹಿಷ್ಕಾರ ಅಂತ ಅರ್ಥ.

ಇನ್ನೊಂದು ಅವರ ವಿಶೇಷ, ತಲೆ ಎತ್ತದೇನೇ ಬಂದೋರು ಯಾರು ಅಂತ ಹೇಳೋರು. ಬೆನ್ನು ಹಾಕಿ ನಿಂತಿದ್ರೂ "ಬನ್ನಿ ಮೇಷ್ಟ್ರೆ", "ಏನ್ಲಾ ಟ್ಯಾಂಕು, ಯಾರ್ ಮನೆ ಮುಳುಗಿಸ್ಬುಟ್ಟು ಬಂದೆ?" ಅನ್ನೋರು. ಚಪ್ಪಲಿ ಸದ್ದಲ್ಲೇ ಕಂಡುಹಿಡೀತಾರೆ ಅಂತ ನಾವೆಲ್ಲ ಮೆಚ್ಚಿ ಕೊಂಡಾಡ್ತಿದ್ವಿ. ಮೆಚ್ಚೋ ವಿಷಯ ಅಲ್ಲ ಅದು ಅಂತ ಯಾರಿಗೂ ಹೊಳೀಲಿಲ್ಲ.

ಒಂದು ಮಧ್ಯಾಹ್ನ ನನ್ನ ಅಂಗಡಿಗೇ ಬಂದ್ರು. ಮಿಷಿನ್ ಬಿಟ್ಟು ಅವರು ರಸ್ತೆ ದಾಟಿದ್ದನ್ನ ನಾನು ಅದೇ ಮೊದಲು ನೋಡಿದ್ದು. ಸ್ಟೂಲು ಕೊಟ್ರೆ ಕೂರ್ಲಿಲ್ಲ.

"ಟ್ಯಾಂಕಿಗೆ ಹಾಕ್ತೀಯಲ್ಲ ಡಬ್ಬಿ, ಅದು ನಮ್ಮ ಮಿಷಿನ್ನಿಗೆ ಆಯ್ತದಾ?"

"ಯಾಕ್ ಮಾವ, ಪಂಪು ಹೊಡೆದು ಕೈ ನೋವಾ?"

"ಆ ಗಾಜು ಮಸುಕಾಗೈತೆ ಕಣ್ಲಾ. ನೀರೆಷ್ಟೈತೆ ಅಂತ ಗೊತ್ತಾಗಲ್ಲ. ಮೊನ್ನೆ ಇನ್ನೇನು ಒಣಗ್ಬುಡ್ತಿತ್ತು."

ಅದಕ್ಕೇನು ಮಹಾ, ಗಾಜು ಬದಲಾಯಿಸಿದ್ರಾಯ್ತು ಅಂದೆ. ಹಾಸನದಿಂದ ಅದೇ ಅಳತೆ ಗಾಜು ತರಿಸಿ, ಹೋಟ್ಲು ರಜಾ ಇದ್ದ ಅಮಾವಾಸ್ಯೆ ದಿವಸ ಬೆಳಗ್ಗೆ ಹೋದೆ. ನೀರಿನ ತಿರುಪು ಬಿಗಿದು ಹಳೇ ಗಾಜು ಬಿಚ್ದೆ, ವಾಷರ್ ಹಾಕ್ದೆ, ನಟ್ಟು ಟೈಟ್ ಮಾಡ್ದೆ, ದೊಡ್ಡ ಇಂಜಿನಿಯರ್ ಥರ ಕೈ ಒರೆಸ್ಕೊಂಡೆ. "ನೋಡಿ ಮಾವ, ಹೊಸಾ ಗಾಜು."

ಮಾವ ಬಗ್ಗಿ ಮೂಗು ತಾಗೋ ಅಷ್ಟು ಹತ್ತಿರ ಮುಖ ಇಟ್ರು. "ಈಗ ನೋಡು, ಪಳಪಳ ಅಂತೈತೆ. ನೀರು ಮುಕ್ಕಾಲಿಗೈತೆ."

ನಾನು ಚೀಲಕ್ಕೆ ಸ್ಪ್ಯಾನರ್ ಹಾಕೋಕೆ ಹೋದೆ. ಚೀಲದೊಳಗೆ, ಪೇಪರಲ್ಲಿ ಸುತ್ತಿದ ಹಂಗೇ, ಹೊಸಾ ಗಾಜಿತ್ತು. ವಾಷರು ನಟ್ಟು ಎಲ್ಲ ಹಾಕಿದ ಮಹಾಶಯ ಗಾಜು ಹಾಕೋದೇ ಮರೆತಿದ್ದೆ. ನೀರಿನ ಕೊಳವೆ ಇರಬೇಕಾದ ಜಾಗದಲ್ಲಿ ಬರೀ ಗಾಳಿ ಇತ್ತು. ಮಾವ ಆ ಗಾಳಿಯನ್ನ ನೋಡ್ತಾ ತಲೆದೂಗ್ತಿದ್ರು.

ನನ್ನ ಜನ್ಮದಲ್ಲಿ ಬಾಯಿಗೆ ಏನೂ ಬರದೇ ಇದ್ದ ಹೊತ್ತು ಅದು. ಆ ಸುಮ್ಮನಿರೋದೇ ಅವರಿಗೆ ಕೇಳಿಸ್ತು ಅಂತ ಕಾಣುತ್ತೆ.

"ಗೊತ್ತಾಯ್ತಾ?" ಅಂದ್ರು.

"ಹೂಂ ಮಾವ."

"ದೊಡ್ಡಾಸ್ಪತ್ರೇಲಿ ತೋರಿಸ್ದೆ. ಕಣ್ಣಿನ ನರ ಒಣಗ್ತಾ ಬಂದೈತಂತೆ, ಆಪರೇಷನ್ನಿಗೆ ಬರಾಕಿಲ್ವಂತೆ. ಓನರಿಗೆ ಗೊತ್ತಾದ್ರೆ ನನ್ನ ಕೂರುಸ್ತಾರೆ. ಕೂರಿಸಿದ್ರೆ ನಾನು ಏಳಾಕಿಲ್ಲ ಕಣ್ಲಾ. ಯಾರ್ ಕುಟ್ಟೂ ಹೇಳ್ಬ್ಯಾಡ."

"ತಾಯಾಣೆ ಹೇಳಲ್ಲ" ಅಂದೆ.

ಮರೆತ ಗಾಜು ಹಾಕ್ದೆ, ಡಬ್ಬಿ ತಯಾರು ಮಾಡ್ದೆ. ಬಾಯ್ಲರಿನ ತಲೇಲಿ ಒಂದು ತೂತು, ಅದರೊಳಗೆ ಒಂದು ಸ್ಟೀಲ್ ಕಡ್ಡಿ. ನೀರು ಮುಕ್ಕಾಲಿಗೆ ಬಂದು ಕಡ್ಡಿ ಮುಟ್ಟಿದ್ರೆ ಕರೆಂಟು ನೀರಲ್ಲಿ ಹರಿದು ಡಬ್ಬಿಗೆ ಸುದ್ದಿ ಹೋಗುತ್ತೆ, ಪುಟಾಣಿ ಮೋಟ್ರು ನಿಲ್ಲುತ್ತೆ. ನೀರು ಇಳಿದ್ರೆ ಮೋಟ್ರು ಮತ್ತೆ ತಾನೇ ತುಂಬುತ್ತೆ. ನಾನು ಕೆಂಪು ದೀಪ, ಹಸಿರು ದೀಪ, ಜೊತೆಗೆ ಕೋಗಿಲೆ ಥರ ಕೂಗೋ ಬೆಲ್ಲು ಹಾಕ್ತೀನಿ ಅಂದೆ. ಮಾವ ಬೇಡ ಅಂದ್ರು. "ದೀಪ ನಂಗ್ಯಾಕ್ಲಾ? ಕೋಗಿಲೆ ಕೂಗಿದ್ರೆ ಊರಿಗೇ ಗೊತ್ತಾಯ್ತದೆ. ತುಂಬಿದ್ದು ನಂಗೊಬ್ಬಂಗೆ ಗೊತ್ತಾದ್ರೆ ಸಾಕು." ಮೋಟ್ರು ನಿಲ್ಲುವಾಗ ಡಬ್ಬಿಯೊಳಗಿನ ರಿಲೇ ಸ್ವಿಚ್ಚು 'ಟಕ್' ಅನ್ನುತ್ತೆ. ಅದೇ ಸಾಕು ಅಂತ ಆಯ್ತು. ಡಬ್ಬಿ ಕೌಂಟರ್ ಕೆಳಗೆ ಬಚ್ಚಿಟ್ವಿ. ಕೈಪಂಪಿನ ಪೈಪು ಬಿಚ್ಚಿ ಹಂಗೇ ಇಳಿಬಿಟ್ವಿ, ಪಂಪು ಮಾತ್ರ ಇದ್ದ ಜಾಗದಲ್ಲೇ ಇತ್ತು. ಹೊಡೀತಾ ಇರ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದ್ರು.

ಅಂಗಡೀಲಿ ಹಾಲಿನ ಕ್ಯಾನಿಗೆ ನಲ್ಲಿ ನೀರು ಹಾಕಿ ನೋಡಿದಾಗ ಡಬ್ಬಿ ಚಿನ್ನದಂಗೆ ಕೆಲಸ ಮಾಡಿತ್ತು. ಮುಂದಿನ ಅಮಾವಾಸ್ಯೆ ದಿವಸ ಹೋಟ್ಲಲ್ಲಿ, ಬೆಂಕಿ ಹಚ್ಚದೇ, ಮೊದಲ ಸಲ ಸ್ವಿಚ್ ಹಾಕ್ದೆ. ಮೋಟ್ರು ಜುಂಯ್ ಅಂತು. ಮುಕ್ಕಾಲು ದಾಟ್ತು. ನಿಲ್ಲಲಿಲ್ಲ. "ಈಗ ನಿಲ್ಲುತ್ತೆ ಮಾವ" ಅಂದೆ. ಹದ್ದಿನ ಕಾಲ ಬುಡದಲ್ಲಿ ಹಬೆ ಬಿಡೋ ವಾಲ್ವಿದೆ, ಅಲ್ಲಿಂದ ನೀರು ಚಿಲ್ಲಂತ ಎದ್ದು ಸೀದಾ ನನ್ನ ಮುಖಕ್ಕೆ ಬಂತು. ಒರೆಸ್ಕೊಂಡು ಸ್ವಿಚ್ ಹುಡುಕೋ ಅಷ್ಟರಲ್ಲಿ ಸಕ್ಕರೆ ಡಬ್ಬ, ಗೋಡೆ ಮೇಲಿನ ದೇವರು, ನಾನು, ಮೂರೂ ಜನ ಸ್ನಾನ ಮಾಡಿದ್ವಿ.

ಆಮೇಲೆ ತಲೆಗೆ ಹೋಯ್ತು. ಉಪ್ಪು ಸುಣ್ಣ ಇರೋ ನಮ್ಮೂರ ನೀರಲ್ಲಿ ಕರೆಂಟು ಸರಾಗ ಹರಿಯುತ್ತೆ. ಸೋಸಿ ಸೋಸಿ ಇಟ್ಟ ಮಳೆನೀರಲ್ಲಿ ಅಷ್ಟು ಹರಿಯಲ್ಲ. ನೀರು ಬಂದು ಕಡ್ಡಿ ಮುಟ್ಟಿದ್ರೂ ನನ್ನ ಡಬ್ಬಿಗೆ ಅದು ನೀರು ಅಂತಾನೇ ಗೊತ್ತಾಗಿರಲಿಲ್ಲ.

ಮಾವ ಹೊಟ್ಟೆ ಹಿಡ್ಕೊಂಡು ನಕ್ರು. "ನಿನ್ ಡಬ್ಬಿಗೂ ನನ್ನಂಗೇ ಕಣ್ಣು ಕಾಣಲ್ಲ ಬಿಡ್ಲಾ" ಅಂದ್ರು. ತಾವೇ ಉಪಾಯಾನೂ ಹೇಳಿದ್ರು: ಒಂದು ಕೊಡ ಮಳೆನೀರಿಗೆ ಒಂದು ಚೆಂಬು ಊರ ನೀರು. ಬೆರೆಸಿ ಹಾಕ್ದೆ. ಮುಕ್ಕಾಲಿಗೆ ಬಂತು. ಟಕ್. ಮಾವ ಕಣ್ಣು ಮುಚ್ಕೊಂಡು, ದೇವಸ್ಥಾನದ ಗಂಟೆ ಕೇಳಿದೋರ ಹಂಗೆ ನಿಂತಿದ್ರು. "ಇನ್ನೊಂದ್ಸಲ ಮಾಡು" ಅಂದ್ರು. ಆರೋ ಏಳೋ ಸಲ ಮಾಡಿಸಿದ್ರು.

ಆಮೇಲೆ ಎಂಟು ತಿಂಗಳು ಎಲ್ಲ ಚೆನ್ನಾಗಿತ್ತು. ತಿಂಗಳಿಗೊಂದ್ಸಲ ಹೋಗಿ ಕಡ್ಡಿ ಬಿಚ್ಚಿ ಉಜ್ಜಿ ಹಾಕ್ತಿದ್ದೆ. ಊರ ನೀರು ಚೆಂಬಷ್ಟೇ ಆದ್ರೂ ಕಡ್ಡಿಗೆ ಸುಣ್ಣ ಕಟ್ಟುತ್ತೆ. ಮಾವ ಹನ್ನೊಂದು ಸಲ ಗಾಳಿ ಪಂಪು ಹೊಡೆಯೋರು, ಕೆಳಗೆ ಟಕ್ ಅನ್ನೋದು, ತಾವು ಬಾಯ್ಲರಿಗೆ ಟಕ್ ಅಂತ ತಟ್ಟೋರು. ಗಿರಾಕಿಗಳಿಗೆ ಎರಡೂ ಒಂದೇ ಸದ್ದು. ನಂಗೆ ಮಾತ್ರ ಒಳಗೊಳಗೇ ನಗು, ಹೆಮ್ಮೆ. ನಾನು ಮಾಡಿದ್ರಲ್ಲಿ ಸರಿಯಾಗಿ ಕೆಲಸ ಮಾಡ್ತಿದ್ದ ಡಬ್ಬಿ ಅದೊಂದೇ. ಅದನ್ನೇ ಯಾರಿಗೂ ತೋರಿಸೋ ಹಂಗಿಲ್ಲ. ನನ್ನಂಥೋನಿಗೆ ಇದು ಎಂಥ ಶಿಕ್ಷೆ ಅಂತ ನೀವೇ ಯೋಚನೆ ಮಾಡಿ.

ಒಂದು ಬೆಳಗ್ಗೆ ರೈಲು ಇಳಿದು ಬಂದ ಜನ, ಹೋಟ್ಲು ತುಂಬಿತ್ತು. ನನ್ನ ಟೈಲರ್ ಗೆಳೆಯ ಎಲ್ಲರ ಮುಂದೆ ನನ್ನ ಕಾಲೆಳೀತಿದ್ದ. ಹಿಂದಿನ ದಿನ ಅವನ ಹೆಂಡತಿ ತವರುಮನೇಲಿ ನನ್ನ ಡಬ್ಬಿ ಕೈಕೊಟ್ಟು, ಮಹಡಿಯಿಂದ ನೀರು ಇಳಿದು ರಾಗಿ ಚೀಲ ನೆಂದು ಹೋಗಿತ್ತು.

"ಲೋ ಟ್ಯಾಂಕು, ಇನ್ನೊಂದು ವಾರ ಬಿಟ್ಟಿದ್ರೆ ಅಟ್ಟದ ಮೇಲೇ ಪೈರು ಬಂದಿರೋದು. ನೆಟ್ಟಗೆ ಓಡ್ತಿರೋ ನಿನ್ ಡಬ್ಬಿ ಈ ಊರಲ್ಲಿ ಒಂದಾದ್ರೂ ಐತೇನ್ಲಾ?"

ಎಲ್ಲ ನಕ್ರು. ನಾನೂ ನಕ್ಕೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾವ ಪಂಪು ಹೊಡೀತಿದ್ರು, ಆರು, ಏಳು. ನಾನು ಎದ್ದು ಹೋಗಿ ಪಂಪಿನ ತುದಿಯ ಪೈಪು ಎತ್ತಿ ಹಿಡಿದೆ. ಎಲ್ಲಿಗೂ ಸೇರದ ಖಾಲಿ ಪೈಪು.

"ಇಲ್ಲೇ ಐತೆ ನೋಡ್ರಪ್ಪ. ಮಿಷಿನ್ನು ತಾನೇ ನೀರು ಕುಡೀತಾ ಐತೆ. ಮಾವ ಎಂಟು ತಿಂಗಳಿಂದ ನಿಮಗೆಲ್ಲ ಗಾಳಿ ಹೊಡೀತಾವ್ರೆ!"

ಹೋಟ್ಲಿಗೆ ಹೋಟ್ಲೇ ನಕ್ಕಿತು. ಕಣ್ಣಿನ ವಿಷಯ ನಾನು ಹೇಳಿಲ್ಲವಲ್ಲ, ಡಬ್ಬಿ ವಿಷಯ ತಾನೇ ಅಂತ ನನ್ನ ಲೆಕ್ಕ. ಮಾವ ನಿಲ್ಲಿಸಲಿಲ್ಲ. ಎಂಟು, ಒಂಬತ್ತು, ಹತ್ತು, ಹನ್ನೊಂದು. ಟಕ್.

ಓನರ್ರು ಗಲ್ಲಾ ಹತ್ತಿರ ಕೂತು ಅವರೂ ನಗ್ತಿದ್ರು. ನಗು ಅರ್ಧಕ್ಕೆ ನಿಂತು ಹೋಯ್ತು. ಎದ್ದು ಬಂದ್ರು.

"ತಾನೇ ತುಂಬೋದಾದ್ರೆ ನೀವ್ಯಾಕೆ ಹೊಡೀತೀರಿ ಮಾವ?"

"ಅಭ್ಯಾಸ ಸ್ವಾಮಿ."

"ಗಾಜಲ್ಲಿ ನೀರೆಷ್ಟಿದೆ?"

"ಮುಕ್ಕಾಲು."

ಮುಕ್ಕಾಲೇ ಇತ್ತು. ಓನರ್ರು ಸದ್ದು ಮಾಡದೆ ಹೆಗಲ ಮೇಲಿನ ಟವೆಲ್ ತೆಗೆದು ಗಾಜಿನ ಮೇಲೆ ಹಾಕಿದ್ರು. ಗಾಜು ಪೂರ್ತಿ ಮುಚ್ಚಿಹೋಯ್ತು.

"ಈಗ?"

ಮಾವ ಬಗ್ಗಿ, ಮುಖ ಟವೆಲ್ ಹತ್ತಿರ ತಂದು ನೋಡಿದ್ರು. "ಮುಕ್ಕಾಲು" ಅಂದ್ರು.

ನಾನು ಆ ಖಾಲಿ ಪೈಪು ಹಿಡ್ಕೊಂಡೇ ನಿಂತಿದ್ದೆ.

ಓನರ್ ಕೆಟ್ಟೋರಲ್ಲ. ಬಾಯ್ಲರು ಸಿಡಿದು ಒಬ್ಬರ ಪ್ರಾಣ ಹೋದ್ರೆ ಯಾರು ಜವಾಬ್ದಾರಿ ಅಂತ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಾವಂಗೆ ಬಾಗಿಲ ಹತ್ತಿರ ಕುರ್ಚಿ ಹಾಕಿ, ಬಂದೋರನ್ನ ಮಾತಾಡಿಸ್ಕೊಂಡು ಹಾಯಾಗಿ ಕೂತಿರಿ ಅಂದ್ರು. ಮಿಷಿನ್ ತಾನೇ ತುಂಬುತ್ತಲ್ಲ, ಯಾರು ಬೇಕಾದ್ರೂ ಓಡಿಸಬಹುದು ಅಂತ ಅವರ ಬಾಮೈದನ್ನ ಅಲ್ಲಿ ನಿಲ್ಲಿಸಿದ್ರು. ಮಾವ ಎರಡು ದಿವಸ ಆ ಕುರ್ಚೀಲಿ ಕೂತ್ರು. ಮೂರನೇ ದಿವಸ ಕೈಪಂಪು ಬಿಚ್ಚಿ ಟವೆಲಲ್ಲಿ ಸುತ್ಕೊಂಡು, ಅಕ್ಕನ ಮಗಳ ಮನೆಗೆ ಹೋಗ್ಬತ್ತೀನಿ ಅಂತ ಬಸ್ತಿಹಳ್ಳಿಗೆ ಹೋದ್ರು. ಆ ಮಗಳನ್ನ ಓದಿಸಿದ್ದು ಅವರೇ, ಈಗ ಹಳೇಬೀಡು ಸ್ಕೂಲಲ್ಲಿ ಟೀಚರ್ರು.

ಓನರ್ರು ನನಗೇನೂ ಅನ್ನಲಿಲ್ಲ. ಡಬ್ಬಿ ಚೆನ್ನಾಗಿ ಮಾಡಿದೀಯ, ಕೌಂಟರ್ ಮೇಲೆ ಎಲ್ಲರಿಗೂ ಕಾಣೋ ಹಂಗಿಟ್ಟು ನಿನ್ ಅಂಗಡಿ ಸ್ಟಿಕ್ಕರ್ ಅಂಟಿಸ್ಕೊ ಅಂದ್ರು. ಅಂಟಿಸ್ದೆ.

ಬಾಮೈದ ಮಳೆನೀರು ಸೋಸೋ ಪೈಕಿ ಅಲ್ಲ. ನಲ್ಲಿಗೇ ಪೈಪ್ ಕೊಟ್ಟ. ಕಡ್ಡಿ ಬಿಚ್ಚಿ ಉಜ್ಜು ಅಂತ ಹೇಳ್ಕೊಟ್ಟೆ, ಹೂಂ ಅಂದ. ಆ ಹೋಟ್ಲಿಗೆ ಕಾಲಿಡೋಕೆ ನನಗೇ ಮುಖ ಇರಲಿಲ್ಲ, ಹಂಗಾಗಿ ನಾನೂ ಹೋಗಲಿಲ್ಲ. ನಾಲ್ಕು ತಿಂಗಳಿಗೆ ಕಡ್ಡಿ ಸುತ್ತ ಹಲ್ಲಿನ ಪಾಚಿ ಥರ ಸುಣ್ಣ ಕಟ್ಟಿ, ನೀರು ಮುಟ್ಟಿದ್ರೂ ಗೊತ್ತಾಗದಂಗಾಯ್ತು. ಬಿಸಿನೀರು ಎಲ್ಲ ಕಡೆ ಚಿಮ್ಮಿತು. ಬಾಮೈದ ಸಿಟ್ಟಲ್ಲಿ ಡಬ್ಬಿ ಆಫ್ ಮಾಡ್ದ. ಕೈಪಂಪು ಇರಲಿಲ್ಲ. ನೀರಿಲ್ಲದೆ ಬಾಯ್ಲರ್ ತಳ ಸುಟ್ಟು ಬಿರುಕು ಬಿಡ್ತು. ಈಗ ಆ ಮಿಷಿನ್ ಮೇಲೆ ಹೋಟ್ಲೋರು ಬಾಳೆಎಲೆ ಇಡ್ತಾರೆ. ಹದ್ದಿಗೆ ತುಳಸಿ ಮಾತ್ರ ತಪ್ಪಿಲ್ಲ.

ಇದಾದ್ಮೇಲೆ ಒಂದ್ಸಲ ಬಸ್ತಿಹಳ್ಳಿಗೆ ಹೋದೆ. ಕ್ಷಮೆ ಕೇಳಬೇಕು ಅಂತ ಜಾವಗಲ್ಲಿಂದ ಹಳೇಬೀಡಿನವರೆಗೂ ಬಸ್ಸಲ್ಲಿ ಬಾಯಿಪಾಠ ಮಾಡ್ಕೊಂಡು ಹೋದೆ. ಮಾವ ಬಸದಿ ಒಳಗಿದ್ರು. ಅಲ್ಲಿನ ಕಂಬಗಳು ಕನ್ನಡಿ ಥರ ನುಣುಪು, ಟೂರಿಸ್ಟ್‌ಗಳು ಮುಖ ನೋಡ್ಕೊಂಡು ಫೋಟೋ ತೆಗೀತಾರೆ. ಮಾವ ಒಂದು ಕಂಬಕ್ಕೆ ಅಂಗೈ ಒತ್ತಿ ನಿಂತಿದ್ರು.

"ಟ್ಯಾಂಕು" ಅಂದ್ರು, ತಿರುಗದೇನೇ. "ಇದನ್ನ ಮುಟ್ಟಿ ನೋಡ್ಲಾ. ಬೆಂಕಿ ಹಚ್ಚದೇ ಇರೋ ದಿವಸ ಬಾಯ್ಲರ್ ಹಿಂಗೇ ಇರ್ತಿತ್ತು."

ಮುಟ್ಟಿದೆ. ತಣ್ಣಗಿತ್ತು. ಬಾಯಿಪಾಠ ಮಾಡಿದ್ದು ಒಂದಕ್ಷರ ನೆನಪಾಗಲಿಲ್ಲ. "ಮಾವ, ಅವತ್ತು ನಾನು" ಅಂದೆ.

"ಕಡ್ಡಿ ಉಜ್ಜುತಾನಾ ಅವನು?"

"ಉಜ್ಜುತಾನೆ ಮಾವ."

"ಮಳೆನೀರು?"

"ಅದೇ ಹಾಕ್ತಾನೆ. ಕೊಡಕ್ಕೊಂದು ಚೆಂಬು ಊರ ನೀರು."

"ಟಕ್ ಅಂತೈತಾ?"

"ದಿನಾ ಅನ್ನುತ್ತೆ ಮಾವ."

ಅವರು ತಲೆ ಆಡಿಸಿದ್ರು. ನಾನು ಜೋಕ್ ಹೇಳೋಕೆ ಶುರು ಮಾಡ್ದೆ. ಒಂದಾದ್ಮೇಲೆ ಒಂದು ಹೇಳಿದೆ, ಬಸ್ಸಿನ ಹೊತ್ತಾಗೋವರೆಗೂ ಹೇಳಿದೆ. ಅವರು ನಕ್ರು. ಹೊರಡುವಾಗ ಫೋನ್ ನಂಬರ್ ಕೇಳಿದ್ರು, ಆಮೇಲೆ ಅಕ್ಕನ ಮಗಳ ಕೈಲಿ ಗೋಡೆ ಮೇಲೆ ಬರೆಸಿದ್ರಂತೆ. ಅವರು ಯಾವತ್ತೂ ಫೋನ್ ಮಾಡಲಿಲ್ಲ. ನಾನೂ ಹೋಗಲಿಲ್ಲ. ಮತ್ತೆ ಹೋದ್ರೆ ಮತ್ತೆ ಟಕ್ ಅಂತೈತಾ ಅಂತ ಕೇಳ್ತಾರೆ.

ಫೋನ್ ಬಂದ ದಿವಸ ನಾನು ತಲುಪೋ ಹೊತ್ತಿಗೆ ಎಲ್ಲ ಮುಗಿದಿತ್ತು. ಬಂದೋರು ಹೊರಟಿದ್ರು. ಆ ಹೆಣ್ಣುಮಗಳು ಜಗಲಿ ಮೇಲೆ ಕೂತಿದ್ಲು.

"ಅಣ್ಣ, ಒಂದು ಕೇಳ್ಲಾ? ಇದೇನು ಇದು?"

ಜಗಲಿ ಅಂಚಿಗೆ ಒಂದು ಹಲಗೆ, ಹಲಗೆಗೆ ಬಿಗಿಯಾಗಿ ಸ್ಕ್ರೂ ಹಾಕಿ ಕೂರಿಸಿದ ಕೈಪಂಪು. ಹಿಡಿ ಉಜ್ಜಿ ಉಜ್ಜಿ ಹೊಳೀತಿತ್ತು. ಕೆಳಗೆ ಪೈಪಿಲ್ಲ, ನೀರಿಲ್ಲ.

"ದಿನಾ ಬೆಳಗ್ಗೆ ಎದ್ದು ಇದನ್ನ ಹೊಡೆಯೋರು. ಆಮೇಲೇ ಕಾಫಿ ಕುಡಿಯೋರು. ಏನ್ ಮಾವ ಇದು ಅಂದ್ರೆ ಹೇಳ್ತಿರಲಿಲ್ಲ. ನೆನ್ನೆ ಬೆಳಗ್ಗೆನೂ ಹೊಡೆದ್ರು. ನಾನು ಎಣಿಸಿದೀನಿ, ಹನ್ನೊಂದೇ. ಹನ್ನೊಂದಾದ್ಮೇಲೆ ಸುಮ್ನೆ ಕೂತು ಏನೋ ಕೇಳಿಸ್ಕೊಳ್ಳೋರ ಹಂಗೆ ಕಾಯೋರು. ಸ್ವಲ್ಪ ಹೊತ್ತಾದ್ಮೇಲೆ ತಾವೇ ನಾಲಿಗೇಲಿ 'ಟಕ್' ಅಂತ ಅನ್ನೋರು. ಮಿಷಿನ್ ಹಾಳಾದ ಮೇಲೂ ಯಾಕೆ ಹಂಗೆ ಮಾಡ್ತಿದ್ರು ಅಣ್ಣ?"

"ಹಾಳಾಗಿದ್ದು ಅವರಿಗೆ ಗೊತ್ತಿತ್ತಾ?"

"ನೀವು ಬರೋಕ್ ಮುಂಚೆನೇ ಗೊತ್ತಿತ್ತು. ಅರಸೀಕೆರೆ ಕಡೆಯೋರು ಹೇಳಿದ್ರು."

ನಾನು ಜಗಲಿ ಮೇಲೆ ಕೂತೆ. ಪಂಪಿನ ಹಿಡಿ ಹಿಡ್ಕೊಂಡೆ. ಎಡಗೈಲೇ ಹೊಡೆದೆ. ಗಾಳಿ ಪುಸ್ ಪುಸ್ ಅಂತು. ಒಂಬತ್ತು, ಹತ್ತು, ಹನ್ನೊಂದು.

ಅವಳು ನನ್ನ ಮುಖಾನೇ ನೋಡ್ತಾ ಕಾಯ್ತಿದ್ಲು. ಟಕ್ ಅನ್ನೋಕೆ ನಾಲಿಗೆ ಎತ್ತಿದೆ. ಬಾಯಿ ಪೂರ್ತಿ ಒಣಗಿತ್ತು, ಸದ್ದು ಬರಲಿಲ್ಲ.